ಕರೆ ಮತ್ತು ಚಾಗ: ಕಿಟ್ಟೆಲರ ನಿಘಂಟಿನ ಹಿಂದಿನ ಧರ್ಮಜೀವನ

ಕನ್ನಡ ಸಾಹಿತ್ಯಚರಿತ್ರೆಯ ಚರ್ಚೆಗಳಲ್ಲಿ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರ (1832-1903) ಹೆಸರು ಬಂದಾಗಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಅವರು ಬಂದದ್ದು ಮತಪ್ರಚಾರಕ್ಕೆ, ಮಾಡಿದ್ದು ಕನ್ನಡದ ಸೇವೆ. ಈ ಮಾತಿನಲ್ಲಿ ಕೃತಜ್ಞತೆಯಿದೆ, ಜೊತೆಗೆ ಒಂದು ಅವಸರವೂ ಇದೆ. ಪಾದ್ರಿಯನ್ನು ಬದಿಗೆ ಸರಿಸಿ ವಿದ್ವಾಂಸನನ್ನು ಮಾತ್ರ ಉಳಿಸಿಕೊಳ್ಳುವ ಅವಸರ ಅದು. ಇದಕ್ಕೆ ವಿರುದ್ಧವಾದ ಇನ್ನೊಂದು ನಿಲುವು ಇತ್ತೀಚಿನ ದಶಕಗಳಲ್ಲಿ ಬಲಗೊಂಡಿದೆ. ಅದರ ಪ್ರಕಾರ ನಿಘಂಟು, ವ್ಯಾಕರಣ, ಗ್ರಂಥಸಂಪಾದನೆಗಳೆಲ್ಲವೂ ಮತಾಂತರದ ಉಪಕರಣಗಳು. ವಿದ್ವತ್ತು ಒಂದು ವೇಷ. ಮೊದಲನೆಯ ನಿಲುವು ಕಿಟ್ಟೆಲರ ಶ್ರದ್ಧೆಯನ್ನು ಮರೆಯುತ್ತದೆ, ಎರಡನೆಯದು ಅವರ ದುಡಿಮೆಯನ್ನು ಮರೆಯುತ್ತದೆ. ಎರಡೂ ಒಂದೇ ಕಾರಣದಿಂದ ಸೋಲುತ್ತವೆ. ಕ್ರೈಸ್ತ ಜೀವನದಲ್ಲಿ 'ಕರೆ' ಎಂಬುದಕ್ಕೆ ಯಾವ ಅರ್ಥವಿದೆ, ಆ ಕರೆಗೆ ಓಗೊಟ್ಟವನು ತನ್ನನ್ನು ಕೊಟ್ಟುಕೊಳ್ಳುವುದೆಂದರೇನು ಎಂಬ ಪ್ರಶ್ನೆಯನ್ನು ಎರಡೂ ಕೇಳಿಕೊಳ್ಳುವುದಿಲ್ಲ. ಆ ಪ್ರಶ್ನೆಯನ್ನು ಕೇಳದೆ 19ನೆಯ ಶತಮಾನದ ಮಿಷನರಿ ವಿದ್ವತ್ತಿನ ಒಂದು ಪುಟವನ್ನೂ ಸರಿಯಾಗಿ ಓದಲಾಗದು.

ಕರ್ನಾಟಕದ ಕ್ರೈಸ್ತರ ಬಳಕೆಯಲ್ಲಿ 'ದೈವಕರೆ' ಎಂಬ ಪದ ಸಹಜವಾಗಿದೆ. ಪೌರೋಹಿತ್ಯದ ಪಟ್ಟಕ್ಕೆ ಕಥೋಲಿಕರು 'ಗುರುದೀಕ್ಷೆ' ಎನ್ನುತ್ತಾರೆ. ಜ್ಞಾನಸ್ನಾನಕ್ಕೆ 'ದೀಕ್ಷಾಸ್ನಾನ' ಎಂಬ ಹೆಸರೂ ಉಂಟು. 'ದೀಕ್ಷೆ' ಎಂಬ ಪದ ಜೈನ, ವೀರಶೈವ ಪರಂಪರೆಗಳಿಗೂ ಸೇರಿದ್ದು. ಆದರೆ ಪದ ಒಂದಾದ ಮಾತ್ರಕ್ಕೆ ಪರಿಕಲ್ಪನೆ ಒಂದಾಗುವುದಿಲ್ಲ. ಭಾರತೀಯ ಸಂನ್ಯಾಸ ಪರಂಪರೆಗಳಲ್ಲಿ ದೀಕ್ಷೆ ಬಹುಮಟ್ಟಿಗೆ ಸಾಧಕನ ವೈರಾಗ್ಯದಿಂದ ಹುಟ್ಟುತ್ತದೆ. ಸಂಸಾರದ ಅಸ್ಥಿರತೆಯನ್ನು ಕಂಡವನು ಗುರುವನ್ನು ಅರಸಿ ಹೊರಡುತ್ತಾನೆ. ಬೈಬಲ್ಲಿನ ಕಥನಗಳಲ್ಲಿ ಈ ದಿಕ್ಕು ತಿರುಗುಮುರುಗಾಗಿದೆ. ಅಲ್ಲಿ ಕರೆಯುವವನು ಮೊದಲು ಬರುತ್ತಾನೆ. ಅಬ್ರಹಾಮನು ತನ್ನ ದೇಶವನ್ನು ಬಿಟ್ಟದ್ದು ಅದರ ಮೇಲಿನ ಬೇಸರದಿಂದಲ್ಲ. ಬಾಲಕ ಸಮುವೇಲನಿಗೆ ರಾತ್ರಿ ಕೇಳಿಸಿದ ಧ್ವನಿ ಯಾರದೆಂಬುದೇ ಮೊದಲು ತಿಳಿಯಲಿಲ್ಲ. ಗಲಿಲಾಯದ ಬೆಸ್ತರು ಬಲೆ ಬೀಸುತ್ತಿದ್ದಾಗ, ಬಲೆ ಸರಿಮಾಡಿಕೊಳ್ಳುತ್ತಿದ್ದಾಗ, ಕೆಲಸದ ನಡುವೆಯೇ ಕರೆ ಬಂದಿತು. ಈ ಕಥೆಗಳಲ್ಲೆಲ್ಲ ಮೂರು ಲಕ್ಷಣಗಳು ಸಮಾನ: ಕರೆ ಹೊರಗಿನಿಂದ ಬರುತ್ತದೆ, ಅದು ಯಾರ ಬಳಿಗೋ ಕಳುಹಿಸುತ್ತದೆ, ಕರೆಸಿಕೊಂಡವನನ್ನು ಇದ್ದಂತೆಯೇ ಇರಗೊಡುವುದಿಲ್ಲ.

ಎರಡನೆಯ ಲಕ್ಷಣವೇ ಇಲ್ಲಿ ಮುಖ್ಯ. ಸುವಾರ್ತೆಯಲ್ಲಿ ಐಶ್ವರ್ಯವಂತನಾದ ಯುವಕನೊಬ್ಬನ ಪ್ರಸಂಗ ಬರುತ್ತದೆ. ಅವನಿಗೆ ಸಿಗುವ ಉತ್ತರದಲ್ಲಿ ಮೂರು ಕ್ರಿಯೆಗಳಿವೆ: ಮಾರುವುದು, ಬಡವರಿಗೆ ಕೊಡುವುದು, ಹಿಂಬಾಲಿಸುವುದು. ಬಿಡುವುದು ತನ್ನಷ್ಟಕ್ಕೆ ಪೂರ್ಣವಾದ ಕ್ರಿಯೆಯಲ್ಲ. ಬಿಟ್ಟದ್ದು ಇನ್ನೊಬ್ಬರ ಕೈ ಸೇರಬೇಕು, ಬಿಟ್ಟವನು ಇನ್ನೊಬ್ಬರ ಹಿಂದೆ ನಡೆಯಬೇಕು. ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಕ್ರಿಸ್ತನನ್ನು ಕುರಿತು ಬಳಸುವ ಗ್ರೀಕ್ ಕ್ರಿಯಾಪದಕ್ಕೆ 'ತನ್ನನ್ನು ಬರಿದುಮಾಡಿಕೊಂಡನು' ಎಂಬ ಅರ್ಥವಿದೆ. ಕ್ರೈಸ್ತ ದೇವತಾಶಾಸ್ತ್ರದಲ್ಲಿ ಆತ್ಮಾರ್ಪಣೆಯ ಚರ್ಚೆಯೆಲ್ಲ ಆ ಒಂದು ಕ್ರಿಯಾಪದದ ಸುತ್ತ ಬೆಳೆದಿದೆ. ಬರಿದಾಗುವುದು ಶೂನ್ಯವನ್ನು ಸೇರುವುದಕ್ಕಲ್ಲ, ದಾಸನ ರೂಪವನ್ನು ತಾಳುವುದಕ್ಕೆ. ಎಂದರೆ ಇನ್ನೊಬ್ಬರಿಗೆ ಒದಗುವುದಕ್ಕೆ.

ಕನ್ನಡ ವಿದ್ಯಾರ್ಥಿಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಇಂದಿನ ಕನ್ನಡದಲ್ಲಿ 'ತ್ಯಾಗ' ಎಂದರೆ ತೊರೆಯುವುದು. ಹಳಗನ್ನಡದಲ್ಲಿ ಅದೇ ಪದಕ್ಕೆ, ಅದರ ತದ್ಭವವಾದ 'ಚಾಗ'ಕ್ಕೆ, ಕೊಡುವುದು ಎಂಬುದೇ ಮುನ್ನೆಲೆಯ ಅರ್ಥ. ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ 'ಚಾಗಿ' ಎಂದರೆ ಕೊಡುಗೈಯವನು. ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲಿರುವ ತ್ಯಾಗದ ಬ್ರಹ್ಮದೇವರ ಕಂಬಕ್ಕೆ 'ಚಾಗದ ಕಂಬ' ಎಂಬ ಹೆಸರೂ ಇದೆ. ಅದರ ಬಗ್ಗೆ ಎರಡು ಐತಿಹ್ಯಗಳಿವೆ: ಚಾವುಂಡರಾಯ ಅಲ್ಲಿ ನಿಂತು ದಾನ ಹಂಚಿದನೆಂಬುದು ಒಂದು, ತನ್ನದೆಲ್ಲವನ್ನೂ ತೊರೆದನೆಂಬುದು ಇನ್ನೊಂದು. ಎರಡರಲ್ಲಿ ಯಾವುದು ಚಾರಿತ್ರಿಕ ಎಂಬುದು ಬೇರೆ ಪ್ರಶ್ನೆ. ಒಂದೇ ಕಂಬ ಎರಡೂ ಅರ್ಥಗಳನ್ನು ಹೊತ್ತು ನಿಂತಿದೆ ಎಂಬುದು ಗಮನಾರ್ಹ. ಬಿಡುವುದೂ ಕೊಡುವುದೂ ಒಂದೇ ಪದದಲ್ಲಿ ಕೂಡಿದ್ದ ಭಾಷೆಯಿದು. ಕ್ರೈಸ್ತ ಆತ್ಮಾರ್ಪಣೆಯನ್ನು ಹೇಳಲು ಇಂದಿನ 'ತ್ಯಾಗ'ಕ್ಕಿಂತ ಹಳೆಯ 'ಚಾಗ' ಹೆಚ್ಚು ಹತ್ತಿರದ ಪದ.

ಈ ಕರೆ ಯಾರಿಗೆ ಬರುತ್ತದೆ ಎಂಬ ಪ್ರಶ್ನೆಗೆ ಕ್ರೈಸ್ತ ಚರಿತ್ರೆ ಒಂದೇ ಉತ್ತರ ಕೊಟ್ಟಿಲ್ಲ. ಮೂರನೆಯ ಶತಮಾನದ ಈಜಿಪ್ಟಿನಲ್ಲಿ ಆಂತೋನಿ ಎಂಬ ತರುಣ, ಐಶ್ವರ್ಯವಂತ ಯುವಕನ ಪ್ರಸಂಗವನ್ನು ದೇವಾಲಯದಲ್ಲಿ ಕೇಳಿ, ತನ್ನ ಹೊಲಗಳನ್ನು ಬಿಟ್ಟುಕೊಟ್ಟು ಮರುಭೂಮಿಗೆ ಹೋದನೆಂದು ಅಥನೇಸಿಯಸ್ ಬರೆದ ಅವನ ಚರಿತ್ರೆ ಹೇಳುತ್ತದೆ. ಅಲ್ಲಿಂದ ಬೆಳೆದ ಮಠಪರಂಪರೆಯಲ್ಲಿ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳು ಕರೆಯ ಗುರುತುಗಳಾದವು. ಕರೆ ಮಠದ ಗೋಡೆಯೊಳಗಿನ ಸ್ವತ್ತಾಯಿತು. ಸ್ವತಃ ಸಂನ್ಯಾಸಿಯಾಗಿದ್ದ ಮಾರ್ಟಿನ್ ಲೂಥರ್ 1521ರಲ್ಲಿ ಮಠದ ವ್ರತಗಳನ್ನು ಪ್ರಶ್ನಿಸಿ ಗ್ರಂಥ ಬರೆದನು; 1525ರಲ್ಲಿ ಕನ್ಯಾಮಠವನ್ನು ಬಿಟ್ಟುಬಂದ ಕಾಥರೀನಾ ಫಾನ್ ಬೋರಾಳನ್ನು ಮದುವೆಯಾದನು. ಚಮ್ಮಾರನ ಕೆಲಸ, ತಾಯಿಯ ಕೆಲಸ, ನ್ಯಾಯಾಧೀಶನ ಕೆಲಸ ಇವೂ ಸಂನ್ಯಾಸಿಯ ಜಪದಷ್ಟೇ ದೇವರ ಕರೆಗಳು ಎಂಬುದು ಅವನ ವಾದ. ಜರ್ಮನ್ ಭಾಷೆಯಲ್ಲಿ ಇಂದಿಗೂ ಉದ್ಯೋಗಕ್ಕೆ ಬಳಸುವ 'ಬೆರೂಫ್' ಎಂಬ ಪದದ ಮೂಲದಲ್ಲಿ ಕರೆಯುವುದು ಎಂಬ ಅರ್ಥವೇ ಇದೆ.

ಕನ್ನಡನಾಡಿಗೆ ಬಂದ ಬಾಸೆಲ್ ಮಿಷನ್ ಈ ಲೂಥರನ ಆಲೋಚನೆಯ ದೂರದ ಕುಡಿ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಹಿಂದೆ ದಕ್ಷಿಣ ಜರ್ಮನಿಯ ಭಕ್ತಿಪಂಥೀಯ ಕುಟುಂಬಗಳ ಬೆಂಬಲವಿತ್ತು. ಅಲ್ಲಿ ತರಬೇತಿ ಪಡೆದವರಲ್ಲಿ ರೈತರ, ಕುಶಲಕರ್ಮಿಗಳ ಮಕ್ಕಳು ಹಲವರು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರ ಹಿಂದೆ ಬಂದವರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ನೇಯ್ಗೆಯ ಕಾರ್ಖಾನೆ ತೆರೆದರು. 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದರು. ಪ್ರಾರ್ಥನೆಗೂ ಹೆಂಚಿಗೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ ಲೂಥರನಲ್ಲಿದೆ. ಕೈಕೆಲಸವೂ ಕರೆಯೇ ಆದರೆ ಕಾರ್ಖಾನೆ ಧರ್ಮಕ್ಷೇತ್ರದ ಹೊರಗಿನದಲ್ಲ.

ಆದರೆ ಮಠದ ವ್ರತಗಳನ್ನು ತಳ್ಳಿಹಾಕಿದ ಪರಂಪರೆಯ ಈ ಸಂಸ್ಥೆಯೊಳಗೆ ಅವೇ ವ್ರತಗಳು ಬೇರೆ ಹೆಸರಿನಲ್ಲಿ ಹಿಂತಿರುಗಿದವು. ಮಿಷನರಿ ಎಲ್ಲಿ ನೆಲಸಬೇಕು, ಯಾವ ಕೆಲಸ ಮಾಡಬೇಕು ಎಂಬುದನ್ನು ಬಾಸೆಲ್ಲಿನ ಸಮಿತಿ ನಿರ್ಧರಿಸುತ್ತಿತ್ತು. ಸಮಿತಿಯ ಒಪ್ಪಿಗೆಯಿಲ್ಲದೆ ಅವನು ಮದುವೆಯಾಗುವಂತಿರಲಿಲ್ಲ. ಅನೇಕ ವೇಳೆ ವಧುವನ್ನು ಆರಿಸುವಲ್ಲಿಯೂ ಸಮಿತಿಯ ಪಾತ್ರವಿತ್ತು. ವಿಧೇಯತೆ ಇಲ್ಲಿ ಅಕ್ಷರಶಃ ಜೀವನಕ್ರಮ. 'ಮಿಷನರಿ' ಎಂದೊಡನೆ ಸ್ವಚ್ಛಂದ ಸಾಹಸಿಯೊಬ್ಬನ ಚಿತ್ರ ತಂದುಕೊಳ್ಳುವ ಸಂಶೋಧಕರು ಈ ಕಟ್ಟುಪಾಡುಗಳನ್ನು ನೆನಪಿನಲ್ಲಿಡಬೇಕು.

ಈ ಹಿನ್ನೆಲೆಯಲ್ಲಿ ಕಿಟ್ಟೆಲರನ್ನು ನೋಡಬೇಕು. ಉತ್ತರ ಜರ್ಮನಿಯ ಪಾದ್ರಿಯೊಬ್ಬರ ಮಗನಾದ ಅವರು 1853ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಭಾರತಕ್ಕೆ ಬಂದರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳು ಅವರ ಕಾರ್ಯಕ್ಷೇತ್ರಗಳಾದವು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿಗೆ ಅಳವಡಿಸಿ 'ಕಥಾಮಾಲೆ' ರಚಿಸಿದರು. 1864ರಲ್ಲಿ ಪತ್ನಿ ಪೌಲೀನಾ ತೀರಿಕೊಂಡರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನೂ ಸಂಪಾದಿಸಿ ಪ್ರಕಟಿಸಿದರು. ಸ್ವದೇಶಕ್ಕೆ ಮರಳಿದ ಮೇಲೂ ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ ಮತ್ತೆ ಬಂದರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿ ಅದೇ ವರ್ಷ ನಿಧನರಾದರು.

ಉಪಕರಣವಾದವನ್ನು ಇಲ್ಲಿಯೇ ಪರೀಕ್ಷಿಸಬಹುದು. ಹುಬ್ಬಳ್ಳಿಯ ಸಂತೆಯಲ್ಲಿ ನಿಂತು ಉಪದೇಶ ಮಾಡುವವನಿಗೆ ಬೇಕಾದ್ದು ಆಡುಮಾತು. ಅದಕ್ಕೆ ಅವರು ಹುಟ್ಟಿದ ವರ್ಷವೇ, 1832ರಲ್ಲಿಯೇ, ಹೊರಬಂದಿದ್ದ ವಿಲಿಯಂ ರೀವನ ನಿಘಂಟು ಮಟ್ಟಿಗೆ ಸಾಕಾಗುತ್ತಿತ್ತು. ಆಡುಮಾತಿನಿಂದ ಎಂದೋ ಮರೆಯಾಗಿದ್ದ ಱಕಾರ, ೞಕಾರಗಳ ಪದಗಳನ್ನು ಹೆಕ್ಕಿ ಜೋಡಿಸುವುದರಿಂದ ಯಾವ ಕೇಳುಗನೂ ಮತ ಬದಲಿಸುವುದಿಲ್ಲ. 13ನೆಯ ಶತಮಾನದ ಜೈನ ವೈಯಾಕರಣನೊಬ್ಬನ ಸೂತ್ರಗಳನ್ನು ಹಸ್ತಪ್ರತಿಗಳಲ್ಲಿ ಹೋಲಿಸಿ ನೋಡುವುದರಿಂದ ಸಭೆಯ ಸದಸ್ಯರ ಸಂಖ್ಯೆ ಹೆಚ್ಚುವುದಿಲ್ಲ. ಉಪಯೋಗದ ಲೆಕ್ಕಕ್ಕೆ ಸಿಗದ ಈ ಹೆಚ್ಚುವರಿ ದುಡಿಮೆಯೇ ವಿವರಣೆ ಬೇಡುವ ಸಂಗತಿ. ಮಿಷನ್ನಿನ ಒಳಗೂ ಈ ವಿದ್ವತ್ತಿನ ಒಲವಿಗೆ ಎಲ್ಲ ಕಾಲದಲ್ಲಿಯೂ ಸಮ್ಮತಿಯಿರಲಿಲ್ಲ ಎಂಬುದನ್ನು ಗಮನಿಸಿದರೆ ಉಪಕರಣವಾದ ಇನ್ನಷ್ಟು ಸಡಿಲವಾಗುತ್ತದೆ.

ಹಾಗೆಂದು 'ಪಾದ್ರಿ ಸತ್ತು ವಿದ್ವಾಂಸ ಹುಟ್ಟಿದ' ಎಂಬ ಮೊದಲ ನಿಲುವೂ ನಿಲ್ಲದು. 'ಶಬ್ದಮಣಿದರ್ಪಣ' ಪ್ರಕಟವಾದ ಅದೇ 1872ರಲ್ಲಿ ಕಿಟ್ಟೆಲರು 'ಯಜ್ಞಸುಧಾನಿಧಿ' ಎಂಬ ಧರ್ಮಚರ್ಚೆಯ ಪುಸ್ತಕವನ್ನೂ ಪ್ರಕಟಿಸಿದರು. ಅದರ ವಿಷಯ ಯಜ್ಞ, ಬಲಿ. ಒಂದೇ ಮೇಜಿನ ಮೇಲೆ ಒಂದೇ ವರ್ಷ ಎರಡೂ ಕೆಲಸ ನಡೆದಿವೆ. ಕೇಶಿರಾಜನ ಸಂಪಾದಕನೂ ಯಜ್ಞದ ಚರ್ಚೆಗಿಳಿದ ಪಾದ್ರಿಯೂ ಒಬ್ಬನೇ ವ್ಯಕ್ತಿ. ಕ್ರಿಸ್ತನ ಆತ್ಮಾರ್ಪಣೆಯನ್ನು ಕನ್ನಡದಲ್ಲಿ ಹೇಳಬೇಕಾದವನ ಮುಂದೆ ಬಲಿ, ಯಜ್ಞ, ತ್ಯಾಗ, ಅರ್ಪಣೆ ಎಂಬ ಪದಗಳಿರುತ್ತವೆ. ಪ್ರತಿಯೊಂದರ ಹಿಂದೆಯೂ ಶತಮಾನಗಳ ನೆನಪಿದೆ. ಒಂದರಲ್ಲಿ ಪಶುವಿನ ರಕ್ತ, ಇನ್ನೊಂದರಲ್ಲಿ ಅಗ್ನಿ, ಮತ್ತೊಂದರಲ್ಲಿ ದಾನಿಯ ಕೈ. ಪದವನ್ನು ಆರಿಸಬೇಕಾದರೆ ಆ ನೆನಪನ್ನು ಅರಿಯಬೇಕು, ಅರಿಯಬೇಕಾದರೆ ಹಳೆಯ ಗ್ರಂಥಗಳನ್ನು ಓದಬೇಕು. ಕರೆ ಅವರನ್ನು ಭಾಷೆಯ ಬಾಗಿಲಿಗೆ ತಂದಿತು; ಬಾಗಿಲೊಳಗೆ ಹೋದ ಮೇಲೆ ಆ ಭಾಷೆ ತನ್ನದೇ ಋಣವನ್ನು ಅವರ ಮೇಲೆ ಹೊರಿಸಿತು. ದೈವಕರೆಗೂ ವಿದ್ವತ್ತಿಗೂ ನಡುವೆ ಇರುವುದು ಈ ಸಂಬಂಧ. ಅದನ್ನು ವಿರೋಧವೆಂದೋ ವೇಷವೆಂದೋ ಕರೆದರೆ ಸಾಲದು.

ಇಷ್ಟು ಹೇಳಿದ ಮೇಲೆ ಎರಡು ಕಠಿಣ ಪ್ರಶ್ನೆಗಳು ಉಳಿಯುತ್ತವೆ. ಅವನ್ನು ಬದಿಗಿಟ್ಟರೆ ಆತ್ಮಾರ್ಪಣೆಯ ಚರ್ಚೆ ಸ್ತುತಿಪಾಠವಾಗುತ್ತದೆ.

ಮೊದಲನೆಯದು, ಕೊಟ್ಟುಕೊಂಡದ್ದು ಎಷ್ಟು ಎಂಬುದು. ಕಿಟ್ಟೆಲರು ತಮ್ಮ ತಾರುಣ್ಯ, ಆರೋಗ್ಯ, ಕುಟುಂಬದ ನೆಮ್ಮದಿ, ಕಣ್ಣಿನ ಶಕ್ತಿ ಇವನ್ನೆಲ್ಲ ಕೊಟ್ಟರು. ಆದರೆ ತಮ್ಮ ಸತ್ಯವೇ ಅಂತಿಮ ಎಂಬ ನಿಶ್ಚಯವನ್ನು ಕೊಡಲಿಲ್ಲ. ಅವರು ಕನ್ನಡದ ಪದಗಳಿಗೆ ತೋರಿದ ತಾಳ್ಮೆಯನ್ನು ಆ ಪದಗಳನ್ನಾಡಿದವರ ಶ್ರದ್ಧೆಗಳಿಗೂ ತೋರಿದರೆಂದು ಹೇಳಲಾಗದು. ಕ್ರೈಸ್ತ ದೃಷ್ಟಿಯಿಂದ ಇದಕ್ಕೆ ಉತ್ತರವಿದೆ: ಬರಿದುಮಾಡಿಕೊಳ್ಳಬೇಕಾದ್ದು ತನ್ನನ್ನು, ತನಗೆ ಒಪ್ಪಿಸಲಾದ ಸಂದೇಶವನ್ನಲ್ಲ. ಉತ್ತರ ತರ್ಕಬದ್ಧವಾದುದೇ. ಆದರೂ ಕೊಡುವವನು ಕೇಳಿಸಿಕೊಳ್ಳಲೂ ಬೇಕಲ್ಲವೆ ಎಂಬ ಪ್ರಶ್ನೆ ಅದರಿಂದ ಮುಗಿಯುವುದಿಲ್ಲ. ಕಿಟ್ಟೆಲರ ಬರಹಗಳನ್ನು ಓದುವವರು ಎಲ್ಲಿ ಅವರು ಕೇಳಿಸಿಕೊಂಡರು, ಎಲ್ಲಿ ಕಿವಿ ಮುಚ್ಚಿಕೊಂಡರು ಎಂಬುದನ್ನು ಗೆರೆ ಗೆರೆಯಾಗಿ ಗುರುತಿಸುವ ಕೆಲಸ ಇನ್ನೂ ಸಾಕಷ್ಟಿದೆ.

ಎರಡನೆಯದು ಇನ್ನೂ ಕಠಿಣ: ಒಬ್ಬನ ಆತ್ಮಾರ್ಪಣೆಯ ಬೆಲೆಯನ್ನು ಯಾರು ತೆರುತ್ತಾರೆ? ಆಂತೋನಿ ಮರುಭೂಮಿಗೆ ಹೋದಾಗ ಅವನ ಪುಟ್ಟ ತಂಗಿಯನ್ನು ಕನ್ಯೆಯರ ವಸತಿಯೊಂದಕ್ಕೆ ಒಪ್ಪಿಸಿದನು. ಅವಳ ಇಷ್ಟವೇನಿತ್ತೆಂದು ಆ ಚರಿತ್ರೆ ಕೇಳುವುದಿಲ್ಲ. ಬಾಸೆಲ್ ಮಿಷನರಿಗಳ ಮಕ್ಕಳು ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಅಗಲಿ ಯುರೋಪಿನಲ್ಲಿ ಬೆಳೆಯುವುದು ರೂಢಿಯಾಗಿತ್ತು. ಅವರಿಗಾಗಿ ಬಾಸೆಲ್ಲಿನಲ್ಲಿ ಮಕ್ಕಳ ಮನೆಯೇ ಇತ್ತು. ಮಲಯಾಳ ನಿಘಂಟುಕಾರ ಹರ್ಮನ್ ಗುಂಡರ್ಟರ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ತಂದೆತಾಯಿಗಳು ಅವಳನ್ನು ಯುರೋಪಿನಲ್ಲಿ ಬಿಟ್ಟು ಭಾರತಕ್ಕೆ ಮರಳಿದರು. ತನ್ನ ಬಾಲ್ಯ ಸುಖದ್ದಾಗಿರಲಿಲ್ಲವೆಂದು ಅವಳೇ ಮುಂದೆ ಹೇಳಿಕೊಂಡಳು. ಆದರೂ ಬೆಳೆದು ಅದೇ ಮಿಷನ್ನಿನ ಬದುಕನ್ನೇ ಆರಿಸಿಕೊಂಡಳು. ಅವಳ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ಪಾದ್ರಿಯಾಗಲೆಂದು ಕಳುಹಿಸಿದ್ದ ಮೌಲ್‌ಬ್ರಾನ್ ಸೆಮಿನರಿಯಿಂದ ಅವನು 1892ರಲ್ಲಿ ಓಡಿಹೋದನು. 1922ರಲ್ಲಿ ಬಂದ ಅವನ 'ಸಿದ್ಧಾರ್ಥ'ದಲ್ಲಿ ತಂದೆಯನ್ನು ತೊರೆದು ಹೋದ ಮಗನೇ ಮುಂದೆ ತನ್ನ ಮಗನಿಂದ ತೊರೆಯಲ್ಪಡುತ್ತಾನೆ. ಆ ಕೃತಿಯನ್ನು ಪೂರ್ವದೇಶದ ಆಧ್ಯಾತ್ಮದ ಕಥೆಯೆಂದಷ್ಟೇ ಓದುವ ವಿದ್ಯಾರ್ಥಿಗಳು ಅದರ ಹಿಂದಿರುವ ಈ ಮಿಷನರಿ ಮನೆತನದ ಅಗಲಿಕೆಗಳನ್ನೂ ಗಮನಿಸಬೇಕು. ಕರೆ ಒಬ್ಬನಿಗೆ ಬರುತ್ತದೆ; ಅದರ ಪ್ರತಿಧ್ವನಿ ಮೂರು ತಲೆಮಾರಿಗೆ ಕೇಳಿಸುತ್ತದೆ.

ಇಂತಹ ಜೀವನಗಳನ್ನು ಕುರಿತು ಹೇಗೆ ಬರೆಯಬೇಕೆಂಬುದಕ್ಕೆ ಸಾಹಿತ್ಯಚರಿತ್ರೆಯಲ್ಲಿಯೇ ಒಂದು ಮಾದರಿಯಿದೆ. ಬೆಲ್ಜಿಯಮ್ಮಿನ ಪಾದ್ರಿ ಡೇಮಿಯನ್ 1873ರಲ್ಲಿ ಹವಾಯಿಯ ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ವಸತಿಗೆ ಹೋದನು. ಅವರ ಗಾಯ ಕಟ್ಟಿದನು, ಅವರ ಮನೆ ಕಟ್ಟಿದನು, ಅವರ ಶವಪೆಟ್ಟಿಗೆ ಮಾಡಿದನು, ಕೊನೆಗೆ ಅದೇ ರೋಗ ತಗುಲಿ 1889ರಲ್ಲಿ ಸತ್ತನು. ಅವನ ಮರಣಾನಂತರ ಹೈಡ್ ಎಂಬ ಪ್ರಾಟೆಸ್ಟೆಂಟ್ ಪಾದ್ರಿ ಅವನನ್ನು ಹಳಿದು ಬರೆದ ಪತ್ರವೊಂದು ಪ್ರಕಟವಾಯಿತು. ಅದಕ್ಕೆ 1890ರಲ್ಲಿ ಬಹಿರಂಗ ಪತ್ರದ ಮೂಲಕ ಉತ್ತರ ಕೊಟ್ಟವನು ಆರ್. ಎಲ್. ಸ್ಟೀವನ್‌ಸನ್. ಅವನು ಡೇಮಿಯನ್ನನ ಒರಟುತನ, ಹಟ, ಅವ್ಯವಸ್ಥೆಗಳನ್ನು ಅಲ್ಲಗಳೆಯಲಿಲ್ಲ. ಅವನ್ನು ಒಪ್ಪಿಕೊಂಡೇ, ಇತರರು ಹೋಗದಿದ್ದಲ್ಲಿಗೆ ಈ ಮನುಷ್ಯ ಹೋದನು ಎಂಬ ಒಂದು ಸಂಗತಿಯನ್ನು ಎತ್ತಿ ಹಿಡಿದನು. ದೋಷಗಳನ್ನು ಮುಚ್ಚಿ ಸಂತನನ್ನು ಕಟ್ಟುವ ದಾರಿಯನ್ನಾಗಲಿ, ದೋಷಗಳನ್ನು ತೋರಿಸಿ ಸಂತನನ್ನು ಕೆಡಹುವ ದಾರಿಯನ್ನಾಗಲಿ ಅವನು ಹಿಡಿಯಲಿಲ್ಲ. ಕಿಟ್ಟೆಲರ ಕುರಿತ ಕನ್ನಡದ ಬರಹಗಳಿಗೆ ಈ ನಿಷ್ಠುರ ಗೌರವ ಇನ್ನೂ ಬರಬೇಕಾಗಿದೆ.

ಕೊಡುಗೆಯ ಬೆಲೆಯನ್ನು ಅಳೆಯಲು ಇನ್ನೊಂದು ಮಾನದಂಡವೂ ಉಂಟು: ಕೊಟ್ಟವನ ಹಿಡಿತದಿಂದ ಅದು ಎಷ್ಟು ಬಿಡುಗಡೆ ಪಡೆದಿದೆ ಎಂಬುದು. ಕಿಟ್ಟೆಲರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದರು; ಮದರಾಸು ವಿಶ್ವವಿದ್ಯಾಲಯ 1968ರಿಂದ 1971ರ ಅವಧಿಯಲ್ಲಿ ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ವಚನಗಳನ್ನು ಓದುವವರು, ಪಂಪ ರನ್ನರನ್ನು ಓದುವವರು, ದಾಸರ ಪದಗಳನ್ನು ಓದುವವರು ಅದನ್ನು ತೆರೆಯುತ್ತಾರೆ. ಅವರಲ್ಲಿ ಬಹುಪಾಲು ಜನ ಕಿಟ್ಟೆಲರು ಯಾವ ಸಂದೇಶವನ್ನು ಹೊತ್ತು ತಂದರೋ ಅದನ್ನು ಎಂದೂ ಸ್ವೀಕರಿಸಿದವರಲ್ಲ. ಮತಪ್ರಚಾರದ ಲೆಕ್ಕದಲ್ಲಿ ಇದು ನಷ್ಟ. ಆತ್ಮಾರ್ಪಣೆಯ ಲೆಕ್ಕದಲ್ಲಿ ಹಾಗಲ್ಲ. ಪಡೆದವನು ತನ್ನಂತಾಗಲಿ ಎಂಬ ಕರಾರಿನ ಮೇಲೆ ಕೊಟ್ಟದ್ದು ವಿನಿಮಯ; ಕರಾರು ಬಿದ್ದುಹೋದ ಮೇಲೂ ಉಳಿದು ಒದಗುವುದು ಕೊಡುಗೆ. ಕಿಟ್ಟೆಲರ ಮನಸ್ಸಿನಲ್ಲಿ ಕರಾರು ಇದ್ದಿರಬಹುದು. ಅವರ ಕೃತಿಯಲ್ಲಿ ಅದು ಉಳಿಯಲಿಲ್ಲ.

ಆದ್ದರಿಂದ ಸಾಹಿತ್ಯದ ವಿದ್ಯಾರ್ಥಿ 'ಕಥಾಮಾಲೆ', 'ಯಜ್ಞಸುಧಾನಿಧಿ', 'ಶಬ್ದಮಣಿದರ್ಪಣ'ದ ಸಂಪಾದನೆ, ನಿಘಂಟು ಇವನ್ನು ಬೇರೆ ಬೇರೆ ಕಪಾಟುಗಳಲ್ಲಿಡದೆ ಒಟ್ಟಿಗೆ ಓದುವುದು ಅಗತ್ಯ. ಧರ್ಮಗ್ರಂಥಗಳನ್ನು ಕ್ರೈಸ್ತ ಸಾಹಿತ್ಯವೆಂದೂ ನಿಘಂಟನ್ನು ಭಾಷಾಶಾಸ್ತ್ರವೆಂದೂ ವಿಂಗಡಿಸಿದ ಕ್ಷಣವೇ ಆ ದುಡಿಮೆಯ ಚೈತನ್ಯ ಕಾಣದಾಗುತ್ತದೆ. ಹಸ್ತಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದ ಬಸದಿ, ಮಠ, ಮನೆತನಗಳು, ನಿಘಂಟಿಗೆ ನೆರವಾದ ದೇಶೀಯ ಪಂಡಿತರು, ಬಾಸೆಲ್ಲಿನ ಮಕ್ಕಳ ಮನೆಯಲ್ಲಿ ತಾಯಿಯಿಲ್ಲದೆ ಬೆಳೆದ ಮಕ್ಕಳು ಇವರೆಲ್ಲರ ಪಾಲೂ ಆ ಪುಟಗಳಲ್ಲಿದೆ. ಕರೆಸಿಕೊಂಡವನ ಹೆಸರು ಮುಖಪುಟದಲ್ಲಿರುತ್ತದೆ, ಕೊಟ್ಟವರೆಲ್ಲರ ಹೆಸರುಗಳಿರುವುದಿಲ್ಲ. ಆ ಹೆಸರುಗಳನ್ನು ಹುಡುಕುವುದು ಸಂಶೋಧನೆಯ ಮುಂದಿನ ಕರ್ತವ್ಯ.